ಎಸರು ಕಾಯುವ ಹೊತ್ತಿನ ಪ್ರಾರ್ಥನೆ: ನಮ್ಮ ಗುರುಗಳಿಗೊಂದು ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕಥೋಲಿಕ ಧರ್ಮಕೇಂದ್ರಗಳ ಪೂಜ್ಯ ಗುರುಗಳಿಗೆ, ಪಾಲನಾ ಸಮಿತಿಗಳ ಹಿರಿಯರಿಗೆ, ಭಾನುವಾರ ನನ್ನ ಅಕ್ಕಪಕ್ಕ ಮೊಣಕಾಲೂರುವ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ,

ಯೇಸುಸ್ವಾಮಿಯ ಹೆಸರಿನಲ್ಲಿ ನಮಸ್ಕಾರ.

ನಾನು ಹುಬ್ಬಳ್ಳಿಯವಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ನನ್ನ ಉದ್ಯೋಗ. ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ನಸುಕಿನ ನಾಲ್ಕೂವರೆಗೆ ಒಲೆ ಹಚ್ಚುತ್ತೇನೆ. ಓಣಿಯ ಇಬ್ಬರು ಹೆಣ್ಣುಮಕ್ಕಳು ನೆರವಿಗೆ ಬರುತ್ತಾರೆ. ಒಬ್ಬಳು ಹಿಟ್ಟು ನಾದಿ ಕೊಡುತ್ತಾಳೆ, ನಾನು ಬಡಿಯುತ್ತೇನೆ, ಇನ್ನೊಬ್ಬಳು ಹಂಚಿನ ಮುಂದೆ ಕೂರುತ್ತಾಳೆ. ಒಂಬತ್ತರೊಳಗೆ ಇನ್ನೂರು ರೊಟ್ಟಿ ಬುಟ್ಟಿ ಸೇರಬೇಕು. ಹೀಗಾಗಿ ವಾರದ ದಿನಗಳಲ್ಲಿ ಬೆಳಗಿನ ಪೂಜೆಗೆ ನಾನು ಬಂದದ್ದೇ ಇಲ್ಲ. ಆದರೂ ಭಾನುವಾರದ ಧರ್ಮೋಪದೇಶದ ತರಗತಿಯನ್ನು ಎಂಟು ವರ್ಷ ನಡೆಸಿದ್ದೇನೆ. ನಿಮ್ಮಲ್ಲಿ ಕೆಲವರ ಕೈಯಿಂದಲೇ ಪುಸ್ತಕಗಳನ್ನು ತಂದು ಓದಿದ್ದೇನೆ. ಆ ಧೈರ್ಯದ ಮೇಲೆ ಈ ಪತ್ರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಪ್ರಾರ್ಥನೆ ನಮ್ಮ ಅಡುಗೆಮನೆಗೆ, ಅಂಗಡಿಗೆ, ಗ್ಯಾರೇಜಿಗೆ, ಹೊಲಕ್ಕೆ ವಾಪಸ್ಸು ಬರುವಂತೆ ಮಾಡಲು ನಮಗೆ ನೆರವಾಗಿ. ದೇವಾಲಯದೊಳಗೆ ಯಾವುದಕ್ಕೂ ಕೊರತೆಯಿಲ್ಲ. ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಇದೆ, ಹಬ್ಬವಿದೆ, ತಪಸ್ಸುಕಾಲದ ಶಿಲುಬೆ ಹಾದಿ ಇದೆ, ಧ್ಯಾನಕೂಟವಿದೆ. ಎಲ್ಲದಕ್ಕೂ ನಾವು ಬರುತ್ತೇವೆ. ಆದರೆ ಪೂಜೆ ಮುಗಿದು, ಗೇಟಿನ ಹೊರಗೆ ಗಾಡಿ ಚಾಲೂ ಮಾಡಿದರೆ ಮುಂದಿನ ಭಾನುವಾರದ ತನಕ ದೇವರ ಜೊತೆ ನಮ್ಮ ಮಾತುಕತೆ ಬಂದ್. ಪರೀಕ್ಷೆ ಬಂದರೆ, ಯಾರಾದರೂ ಆಸ್ಪತ್ರೆ ಸೇರಿದರೆ ಮಾತ್ರ ನೆನಪು. ಬೇರೆಯವರ ಮನೆ ಹೇಗೋ ತಿಳಿಯದು. ನನ್ನ ಮನೆಯ ಸ್ಥಿತಿ ಬಹಳ ವರ್ಷ ಹೀಗೇ ಇತ್ತು.

ನಮ್ಮ ಗೋಡೆಗೆ ಗೋಡೆ ಹೊಂದಿಕೊಂಡು ಒಂದು ಲಿಂಗಾಯತ ಮನೆಯಿದೆ. ಆ ಮನೆಯ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂರುತ್ತಾರೆ. ಮೊಮ್ಮಗ ಪಕ್ಕದಲ್ಲೇ ಸಾಕ್ಸ್ ಹುಡುಕುತ್ತಿರುತ್ತಾನೆ, ಸೊಸೆ ಕುಕ್ಕರ್ ಇಳಿಸುತ್ತಿರುತ್ತಾಳೆ, ಹೊರಗೆ ನೀರಿನ ಸರದಿಯ ಗದ್ದಲ. ಅಜ್ಜಿಯ ಕಣ್ಣು ಅಂಗೈ ಬಿಟ್ಟು ಕದಲುವುದಿಲ್ಲ. ಒಮ್ಮೆ ಬಿಸಿ ಚಹಾ ತೆಗೆದುಕೊಂಡು ಹೋಗಿದ್ದೆ. “ಇಟ್ಟಿರ್ರಿ ಅಕ್ಕಾರ, ಲಿಂಗಪೂಜಿ ಆಗೂತನಕ ನಾ ಚಾ ಮುಟ್ಟಂಗಿಲ್ಲ” ಅಂದರು. ಅರವತ್ತು ವರ್ಷದ ರೂಢಿಯಂತೆ ಅದು. ಎದುರಿನ ಗ್ಯಾರೇಜಿನ ಹುಡುಗ ನಮಾಜಿನ ಹೊತ್ತಾದರೆ ಸ್ಪ್ಯಾನರ್ ಕೆಳಗಿಟ್ಟು, ಮೊಣಕೈ ತನಕ ಗ್ರೀಸ್ ತೊಳೆದು, ಅಂಗಡಿಯ ಹಿಂದೆ ಚಾಪೆ ಹಾಸುತ್ತಾನೆ. ಗಿರಾಕಿ ಕಾಯುತ್ತಾರೆ. ಯಾರೂ ಬೈಯುವುದಿಲ್ಲ.

ಇವರಿಬ್ಬರ ನಡುವಿನ ಮನೆ ನನ್ನದು. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಕೆಳಗೆ ಕೆಂಪು ಬಲ್ಬು. ಬಲ್ಬು ಮಾತ್ರ ಎಡೆಬಿಡದೆ ಉರಿಯುತ್ತಿತ್ತು. ಎಡೆಬಿಡದೆ ಪ್ರಾರ್ಥಿಸಿ ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮಾತನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಅದು ಯಾರಿಗೆ ಹೇಳಿದ ಮಾತು ಎಂದು ಕೇಳಿಕೊಂಡಿರಲಿಲ್ಲ. ಪೌಲರು ಸ್ವತಃ ಗುಡಾರ ಹೊಲಿದು ಹೊಟ್ಟೆ ಹೊರೆದವರು. ಆ ಪತ್ರ ಕೇಳಿಸಿಕೊಂಡ ಜನ ಕೂಡ ದುಡಿದು ತಿನ್ನುವವರೇ. ದಿನವಿಡೀ ದೇವಾಲಯದಲ್ಲಿ ಕೂರಿ ಎಂದು ಅವರಿಗೆ ಹೇಳಿರಲಾರರು. ಅವರಿಗಿನ್ನೂ ದೇವಾಲಯದ ಕಟ್ಟಡವೇ ಇರಲಿಲ್ಲ.

ನಮ್ಮ ಮನೆತನದಲ್ಲಿ ಪ್ರಾರ್ಥನೆ ಇರಲಿಲ್ಲ ಎಂದಲ್ಲ. ಅಮ್ಮನ ತವರು ಹಾವೇರಿ ಕಡೆಯ ಹಳ್ಳಿ. ಅಲ್ಲಿ ನಮ್ಮಜ್ಜಿ ಬೀಸುಕಲ್ಲಿನ ಮುಂದೆ ಕೂತರೆ ಮೊದಲ ಹಿಡಿ ಜೋಳ ಹಾಕುವಾಗ ಮರಿಯಮ್ಮನವರ ಹೆಸರು ಹೇಳುತ್ತಿದ್ದಳು. ಊರಿನ ಉಳಿದ ಹೆಂಗಸರು ಯಾವ ಧಾಟಿಯಲ್ಲಿ ತ್ರಿಪದಿ ಹಾಡುತ್ತಿದ್ದರೋ ಅದೇ ಧಾಟಿಯಲ್ಲಿ ಅಜ್ಜಿ ಬೆತ್ಲೆಹೇಮಿನ ಕೊಟ್ಟಿಗೆಯನ್ನು ಹಾಡುತ್ತಿದ್ದಳು. ಅವಳ ಕೊಟ್ಟಿಗೆಯಲ್ಲಿ ಎಮ್ಮೆ ಇರುತ್ತಿತ್ತು, ಕಣಕಿ ಇರುತ್ತಿತ್ತು, ಬಾಣಂತಿಗೆ ಕೊಬ್ಬರಿ-ಬೆಲ್ಲವೂ ಇರುತ್ತಿತ್ತು. ಆಗ ಪೂಜೆ ಲ್ಯಾಟಿನ್ ಭಾಷೆಯಲ್ಲಿ. ಅಜ್ಜಿಗೆ ಅದರ ಒಂದು ಪದವೂ ತಿಳಿಯುತ್ತಿರಲಿಲ್ಲ. ಜನರ ಭಾಷೆಯಲ್ಲೇ ಪೂಜೆ ನಡೆಯಲು, ಲೋಕದ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದಾರಿ ತೆರೆಯಿತು. ಅದು ನಮಗೆ ಸಿಕ್ಕ ದೊಡ್ಡ ವರ. ಆದರೆ ಪೂಜೆ ಕನ್ನಡಕ್ಕೆ ಬಂತು, ಬೀಸುಕಲ್ಲಿನ ಹಾಡು ಹಿಟ್ಟಿನ ಗಿರಣಿ ಬಂದ ಮೇಲೆ ನಿಂತುಹೋಯಿತು, ಅದರ ಜಾಗಕ್ಕೆ ಬೇರೆ ಏನನ್ನೂ ನಾವು ಹಚ್ಚಲಿಲ್ಲ. ಅಜ್ಜಿಯ ಹಾಡುಗಳಲ್ಲಿ ಒಂದನ್ನೂ ಯಾರೂ ಬರೆದಿಡಲಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಮಾತು ಕಡಿಮೆ. ಮನೆಯಲ್ಲಿ ಜಪಸರ ಹೇಳುವಾಗ ಹಿಂದೆ ಗೋಡೆಗೊರಗಿ ಕೂರುತ್ತಿದ್ದರು, ದನಿ ಕೇಳಿಸುತ್ತಿರಲಿಲ್ಲ. ಅಪ್ಪನಿಗೆ ಭಕ್ತಿ ಕಡಿಮೆ ಎಂದೇ ನಾವು ತಿಳಿದಿದ್ದೆವು. ಅವರು ತೀರಿಕೊಂಡ ದಿನ ಜೊತೆಯಲ್ಲಿ ದುಡಿದ ಮುಸ್ಲಿಂ ಚಾಚಾ ಒಬ್ಬರು ಬಂದು ನನ್ನ ಪಕ್ಕ ಕೂತರು. “ನಿಮ್ಮಪ್ಪಾರು ಮಧ್ಯಾಹ್ನದ ಭೋಂಗಾ ಆತಂದ್ರ ಡಬ್ಬಿ ತಗಿಯೂಕಿಂತ ಮೊದ್ಲ ಟೊಪಗಿ ತಗಿತಿದ್ರವಾ. ಲೇಥ್ ಕಡೆ ಮಾರಿ ಮಾಡಿ ಒಂದೆರಡ್ ನಿಮಿಷ ನಿಂದರತಿದ್ರು. ಮೂವತ್ತ್ ವರ್ಷ ನೋಡೀನಿ, ಒಂದಿನಾ ತಪ್ಪಿಸಿಲ್ಲ” ಅಂದರು. ಅದು ತ್ರಿಕಾಲ ಪ್ರಾರ್ಥನೆ ಎಂದು ನನಗೆ ಕೂಡಲೇ ಹೊಳೆಯಿತು. ದೇವದೂತ ಗಬ್ರಿಯೇಲ ಮರಿಯಮ್ಮನವರಿಗೆ ಸುದ್ದಿ ತಂದ ಗಳಿಗೆಯನ್ನು ನೆನೆದು ಮೂರು ಸಲ ‘ನಮೋ ಮರಿಯೆ’ ಜಪ. ಮುಂಜಾನೆ, ನಡುಹಗಲು, ಸಂಜೆ. ದೇವಾಲಯದ ಗಂಟೆ ಕೇಳಿಸದ ಕಡೆ ಅಪ್ಪ ವರ್ಕ್‌ಶಾಪಿನ ಸೈರನ್ನನ್ನೇ, ಆ ಭೋಂಗಾವನ್ನೇ, ಗಂಟೆ ಮಾಡಿಕೊಂಡಿದ್ದರು. ನಮಗೆ ಹೇಳಿರಲಿಲ್ಲ. ಶುಭಸಂದೇಶದ ನಾಲ್ಕು ಪುಸ್ತಕಗಳಲ್ಲೂ ಸಂತ ಜೋಸೆಫರ ಬಾಯಿಂದ ಒಂದು ಮಾತೂ ಬಂದಿಲ್ಲ. ಆ ಮೌನಿ ಬಡಗಿಯನ್ನು ಕಾರ್ಮಿಕರ ಪಾಲಕ ಎಂದು ಮೇ 1ರಂದು ಗೌರವಿಸುವ ಹಬ್ಬವನ್ನು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು (ಪೋಪ್) 1955ರಲ್ಲಿ ಕೊಟ್ಟರು. ಆ ಹಬ್ಬ ಬಂದಾಗಲೆಲ್ಲ ನನ್ನ ಕಣ್ಣಿಗೆ ಕಾಣುವುದು ಲೇಥ್ ಕಡೆ ಮುಖ ಮಾಡಿ ನಿಂತ ಅಪ್ಪ.

ಅಪ್ಪನ ಸುದ್ದಿ ಕೇಳಿದ ಮೇಲೆ ನಾನೂ ಶುರು ಮಾಡಿದೆ. ರೊಟ್ಟಿಗೊಂದು ನಮೋ ಮರಿಯೆ. ಹತ್ತು ರೊಟ್ಟಿಗೆ ಜಪಸರದ ಒಂದು ರಹಸ್ಯ, ಅಂದರೆ ಯೇಸು-ಮರಿಯರ ಬದುಕಿನ ಒಂದು ಘಟನೆಯ ಧ್ಯಾನ, ಮುಗಿಯುತ್ತದೆ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 2002ರಲ್ಲಿ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ್ದರಿಂದ ಈಗ ಒಟ್ಟು ಇಪ್ಪತ್ತು ರಹಸ್ಯ, ಇನ್ನೂರು ನಮೋ ಮರಿಯೆ. ನನ್ನ ಬುಟ್ಟಿಯ ಲೆಕ್ಕವೂ ಇನ್ನೂರು. ಇದು ದೇವರೇ ಹೊಂದಿಸಿಕೊಟ್ಟದ್ದು ಎಂದು ಬಹಳ ಹಿಗ್ಗಿದೆ. ನೆರವಿಗೆ ಬರುವ ಹುಡುಗಿಯರಿಗೂ ಹೇಳಿಕೊಂಡೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಲಗ್ನಸರಾಯಿಯಲ್ಲಿ ಮುನ್ನೂರು ರೊಟ್ಟಿಯ ಆರ್ಡರ್ ಬಂತು. ಹಿಟ್ಟು ಕಡಿಮೆ ಬಿತ್ತು, ಗಿರಣಿ ಇನ್ನೂ ತೆಗೆದಿರಲಿಲ್ಲ, ಹದಿನೆಂಟು ರೊಟ್ಟಿ ಸಾಲದಾಯಿತು. ಹಿಂದಿನ ದಿನದ ರೊಟ್ಟಿ ಮೂಲೆಯ ಡಬ್ಬಿಯಲ್ಲಿದ್ದವು. ನೀರು ಚಿಮುಕಿಸಿ, ಹಂಚಿನ ಮೇಲೆ ಎರಡೂ ಮಗ್ಗುಲು ಬಿಸಿ ಮಾಡಿ, ಅಡಕಿನ ನಡುನಡುವೆ ಸೇರಿಸಿಬಿಟ್ಟೆ. ಮೇಲೊಂದು ಕೆಳಗೊಂದು ಬಿಸಿ ರೊಟ್ಟಿ. ಅಷ್ಟು ಹೊತ್ತೂ ನನ್ನ ಬಾಯಿ ನಿಂತಿರಲಿಲ್ಲ. ನಮೋ ಮರಿಯೆಯಲ್ಲಿ ಪಾಪಿಗಳಾದ ನಮಗಾಗಿ ಪ್ರಾರ್ಥಿಸು ಎನ್ನುವ ಜಾಗಕ್ಕೆ ಬಾಯಿ ಬಂದಾಗ ಕೈ ಡಬ್ಬಿಯೊಳಗಿತ್ತು. ಅದು ನನಗೆ ತಿಳಿದದ್ದು ಗಾಡಿ ಹೋದ ಮೇಲೆ, ಕೈ ತೊಳೆಯುವಾಗ.

ಯಾರಿಗೂ ಗೊತ್ತಾಗಲಿಲ್ಲ. ತಿಂದವರು ದೂರಲೂ ಇಲ್ಲ. ಆದರೆ ನನಗೆ ಒಂದು ವಾರ ಜಪಸರ ಮುಟ್ಟಲು ಆಗಲಿಲ್ಲ. ಪಾಪನಿವೇದನೆಗೆ ಹೋದೆ. (ಅಲ್ಲಿ ನಡೆದದ್ದನ್ನು ಬಾಯಿ ಬಿಡಬಾರದೆಂಬ ಕಟ್ಟು ಗುರುಗಳಿಗೆ, ನನಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.) ಗುರುಗಳು ಮೂರು ನಮೋ ಮರಿಯೆ ಹೇಳು ಎಂದರು, ಕ್ಷಮಾಪಣೆ ಕೊಟ್ಟರು, ಹೊರಗೆ ಸಾಲು ಉದ್ದವಿತ್ತು. ಅವರ ಮೇಲೆ ನನ್ನ ದೂರಿಲ್ಲ. ಕ್ಷಮೆ ಸಿಕ್ಕಿತು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ರೊಟ್ಟಿಯ ದುಡ್ಡು ಏನಾಯಿತು ಎಂದು ಅವರು ಒಂದು ಮಾತು ಕೇಳಿದ್ದರೆ ಎಂದು ಹಂಬಲಿಸಿದೆ. ಕೊನೆಗೆ ನಾನೇ ಖಾನಾವಳಿಗೆ ಹೋಗಿ ಹೇಳಿ, ಹದಿನೆಂಟು ರೊಟ್ಟಿಯ ದುಡ್ಡನ್ನು ನನ್ನ ಲೆಕ್ಕದಲ್ಲಿ ಮುರಿಸಿ ಬಂದೆ. ಮಾಲೀಕರು ನನ್ನ ಮುಖವನ್ನೇ ನೋಡಿದರು. “ಇದನ್ ಹೇಳಾಕ ಇಲ್ಲೀತನಕಾ ಬಂದೀರೇನ್ರೀ ಅಕ್ಕಾರ?” ಅಂದರು. ಆಮೇಲೆ ಹತ್ತು ವರ್ಷವಾಯಿತು, ಅವರು ಬೇರೆಯವರ ಹತ್ತಿರ ರೊಟ್ಟಿ ತರಿಸಿಲ್ಲ.

ಅವತ್ತು ನನಗೆ ತಿಳಿದದ್ದು ಇಷ್ಟು. ನನ್ನ ಪ್ರಾರ್ಥನೆ ರೊಟ್ಟಿಯ ಪಕ್ಕದಲ್ಲಿತ್ತು, ರೊಟ್ಟಿಯೊಳಗೆ ಇರಲಿಲ್ಲ. ಒಲೆಯ ಹತ್ತಿರ ರೇಡಿಯೋ ಹಚ್ಚಿಟ್ಟ ಹಾಗೆ.

ಜೋಳದ ಹಿಟ್ಟಿನ ಗುಣ ನಿಮಗೆ ಗೊತ್ತಿರಬಹುದು. ಗೋಧಿ ಹಿಟ್ಟಿನ ಹಾಗೆ ಅದಕ್ಕೆ ತನ್ನದೇ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ಹರಿಯುತ್ತದೆ. ಅದಕ್ಕೆ ಕುದಿಯುವ ಎಸರೇ ಬೇಕು. ಎಸರು ಹೊಯ್ದು, ಬಿಸಿ ಇರುವಾಗಲೇ ನಾದಿದರೆ ಹಿಟ್ಟು ಹಿಡಿದುಕೊಳ್ಳುತ್ತದೆ, ಎಷ್ಟು ತೆಳ್ಳಗೆ ಬಡಿದರೂ ಬಿಡುವುದಿಲ್ಲ. ರೊಟ್ಟಿ ಆದ ಮೇಲೆ ಎಸರು ಎಲ್ಲಿದೆ ಎಂದು ತೋರಿಸಲು ಬರುವುದಿಲ್ಲ. ಎಸರು ಕಾಯಲು ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷವನ್ನು ನಾನೀಗ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಶಿಲುಬೆಯ ಗುರುತು ಹಾಕಿ ಪಾತ್ರೆಯ ಮುಂದೆ ಸುಮ್ಮನೆ ನಿಲ್ಲುತ್ತೇನೆ. ಇವತ್ತಿನ ರೊಟ್ಟಿ ಯಾರ ಹೊಟ್ಟೆ ಸೇರುತ್ತದೋ ಅವರನ್ನು ನೆನೆಯುತ್ತೇನೆ: ಬಸ್ ಸ್ಟ್ಯಾಂಡಿನ ಹಮಾಲರು, ಗದಗ ಕಡೆಯಿಂದ ಎಪಿಎಂಸಿಗೆ ಮೆಣಸಿನಕಾಯಿ ತಂದು ರಾತ್ರಿಯೆಲ್ಲ ಚೀಲದ ಮೇಲೆ ಮಲಗಿದ ರೈತರು, ರೂಮು ಮಾಡಿಕೊಂಡು ಓದುವ ಹುಡುಗರು. ಇವರಿಗೆ ಒಳ್ಳೆಯದು ಕೊಡು, ನನ್ನ ಕೈ ಶುದ್ಧವಾಗಿಡು ಎಂದು ಕೇಳುತ್ತೇನೆ, ನಮ್ಮ ಮನೆಯ ಮಾತಿನಲ್ಲೇ. ಜಪಸರ ಆಮೇಲೆ. ರಾತ್ರಿ ಲೆಕ್ಕದ ವಹಿ ಬರೆಯುವಾಗ ಇನ್ನೊಂದು ಸಲ ನಿಲ್ಲುತ್ತೇನೆ. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಯೇಸುಸಭೆಯವರಿಗೆ ಮಧ್ಯಾಹ್ನ ಮತ್ತು ರಾತ್ರಿ ಆತ್ಮಪರಿಶೀಲನೆ ಕಲಿಸಿದ್ದರಲ್ಲ, ನನಗೆ ದಕ್ಕಿರುವುದು ರಾತ್ರಿಯದು ಮಾತ್ರ. ಜಮಾ-ಖರ್ಚು ಬರೆದು, ಹುಡುಗಿಯರ ಪಗಾರ ಕೊಟ್ಟೆನೋ ಇಲ್ಲವೋ, ಯಾರ ಮೇಲೆ ಬಾಯಿ ಮಾಡಿದೆ, ಯಾವ ಉಪಕಾರಕ್ಕೆ ನೆನೆಯಲಿಲ್ಲ ಎಂದು ಅದೇ ವಹಿಯ ಮುಂದೆ ಕೇಳಿಕೊಳ್ಳುತ್ತೇನೆ.

ಪೂಜ್ಯ ಗುರುಗಳೇ, ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಒಂದು ತಪ್ಪು ಮತ್ತು ಒಂದು ಸಾವು. ಎಲ್ಲರಿಗೂ ಅಷ್ಟು ಕಾಯಬೇಕಾಗಿ ಬರಬಾರದು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ದೇವಾಲಯದ ಗಂಟೆ ದಿನಕ್ಕೆ ಮೂರು ಸಲ ಬಾರಿಸಿ. ನಿಂತುಹೋದ ಕಡೆ ಮತ್ತೆ ಶುರು ಮಾಡಿ. ಅಕ್ಕಪಕ್ಕದವರಿಗೆ ತೊಂದರೆಯಾಗದ ಹಾಗೆ ನಾಲ್ಕು ಬಡಿತ ಸಾಕು. ದೂರವಿರುವವರಿಗೆ ಅವರವರ ಭೋಂಗಾ ಯಾವುದೆಂದು ಹುಡುಕಿಕೊಳ್ಳಲು ಹೇಳಿಕೊಡಿ. ಶಾಲೆಯ ಬೆಲ್, ಗಿರಣಿ ಶುರುವಾಗುವ ಸದ್ದು, ಮೊಬೈಲಿನ ಅಲಾರಾಂ, ಯಾವುದಾದರೂ ಸರಿ.

ಪ್ರಸಂಗದಲ್ಲಿ ಸೋಮವಾರದ ಮಾತಾಡಿ. ನಂಬಿಕೆಗೂ ದಿನದ ಬದುಕಿಗೂ ಬಿದ್ದಿರುವ ಒಡಕು ನಮ್ಮ ಕಾಲದ ಗಂಭೀರ ತಪ್ಪುಗಳಲ್ಲೊಂದು ಎಂದು 1965ರಲ್ಲಿ ಅದೇ ವ್ಯಾಟಿಕನ್ ಮಹಾಸಭೆಯೇ ಬರೆದಿಟ್ಟಿದೆ. ನಮ್ಮಲ್ಲಿ ತಕ್ಕಡಿ ಹಿಡಿಯುವವರಿದ್ದಾರೆ, ಬಡ್ಡಿಗೆ ದುಡ್ಡು ಕೊಡುವವರಿದ್ದಾರೆ, ನರ್ಸುಗಳಿದ್ದಾರೆ, ಪೊಲೀಸರಿದ್ದಾರೆ, ಅತ್ತೆ-ಸೊಸೆ ಒಂದೇ ಒಲೆಯ ಮುಂದೆ ಇದ್ದೂ ಮಾತು ಬಿಟ್ಟ ಮನೆಗಳಿವೆ. ಶುಭಸಂದೇಶ ಓದಿದ ಮೇಲೆ ಈ ಜಾಗಗಳಿಗೆ ಬನ್ನಿ. ಯೇಸುಸ್ವಾಮಿ ದೇವರ ರಾಜ್ಯ ಹೇಗಿದೆ ಎಂದು ಹೇಳಲು ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸನ್ನು ತೋರಿಸಿದರು, ಬಲೆ ತೋರಿಸಿದರು, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವವಳನ್ನು ತೋರಿಸಿದರು. ಅವರು ಊರೂರು ತಿರುಗಿ ಬೋಧಿಸಿದ್ದು ಸುಮಾರು ಮೂರು ವರ್ಷ. ಅದಕ್ಕೆ ಮೊದಲು ನಜರೇತಿನಲ್ಲಿ ಬಡಗಿಯಾಗಿ ಕಳೆದ ವರ್ಷಗಳ ಬಗ್ಗೆ ನಮಗೆ ಇನ್ನಷ್ಟು ಹೇಳಿ. ನಮ್ಮ ಬದುಕಿಗೆ ಹೋಲುವುದು ಆ ವರ್ಷಗಳೇ. ಪಾಪನಿವೇದನೆಯಲ್ಲೂ ನಮ್ಮ ದುಡಿಮೆಯ ಬಗ್ಗೆ ಒಂದು ಪ್ರಶ್ನೆ ಕೇಳಿ.

ಪಾಳಿಯ ಮೇಲೆ ದುಡಿಯುವವರಿಗೆ ವಾರದಲ್ಲಿ ಒಂದು ದಿನವಾದರೂ ರಾತ್ರಿ ಎಂಟರ ಮೇಲೆ ಪೂಜೆ ಇಟ್ಟರೆ ಉಪಕಾರ. ಇದು ಎಲ್ಲ ಕಡೆ ಆಗುವ ಮಾತಲ್ಲ. ಒಬ್ಬರೇ ಗುರುಗಳು ಮೂರ್ನಾಲ್ಕು ಊರು ನೋಡಿಕೊಳ್ಳುವ ಕಷ್ಟ ನನಗೆ ಗೊತ್ತು.

ಮಾತಿನ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ನಮ್ಮ ಪ್ರಾರ್ಥನಾ ಪುಸ್ತಕಗಳ ಕನ್ನಡ ಚೆಂದ, ಗಂಭೀರ. ಪೂಜೆಯಲ್ಲಿ ಅದೇ ಇರಲಿ. ಆದರೆ ಆ ಕನ್ನಡವಿಲ್ಲದೆ ದೇವರಿಗೆ ಕೇಳಿಸುವುದಿಲ್ಲ ಎಂದು ನಮ್ಮ ಜನ ನಂಬಿಬಿಟ್ಟಿದ್ದಾರೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ನಿನ್ನ ಮಾತಿನಲ್ಲಿ ಪ್ರಾರ್ಥನೆ ಮಾಡು ಎಂದೆ. ಐದು ನಿಮಿಷ ಬೆವರಿದ. ಆಮೇಲೆ, “ಯೇಸಪ್ಪಾ, ನಮ್ಮಪ್ಪ ಕುಡಿಯೂದ್ ಬಿಡಂಗ ಮಾಡು” ಅಂದು ಅತ್ತುಬಿಟ್ಟ. ಅದಕ್ಕೆ ಮೊದಲು ಎರಡು ವರ್ಷ ಅವನು ತಪ್ಪಿಲ್ಲದೆ ಎಲ್ಲ ಪ್ರಾರ್ಥನೆ ಒಪ್ಪಿಸುತ್ತಿದ್ದ. ಆ ಮನೆಯ ವಿಷಯ ನನಗೆ ಗೊತ್ತಾದದ್ದು ಅವತ್ತೇ. ನಮ್ಮ ಕೊಂಕಣಿ, ತಮಿಳು ಮಾತಾಡುವ ಅಣ್ಣ-ತಮ್ಮಂದಿರಿಗೂ ಇದೇ ಮಾತು. ಯಾವ ಭಾಷೆಯಲ್ಲಿ ಮಕ್ಕಳಿಗೆ ಮುದ್ದು ಮಾಡುತ್ತೀರೋ, ಯಾವುದರಲ್ಲಿ ಬೈಯುತ್ತೀರೋ ಅದರಲ್ಲೇ ಮನೆಯಲ್ಲಿ ದೇವರನ್ನು ಕರೆಯಿರಿ. ಹಳ್ಳಿಗಳಲ್ಲಿ ಇನ್ನೂ ಬೀಸುವ ಪದ, ಸೋಬಾನೆ ಪದ ಗೊತ್ತಿರುವ ನಮ್ಮ ಅಜ್ಜಿಯರಿದ್ದರೆ ಅವರ ಹತ್ತಿರ ಕೂತು ಬರೆದುಕೊಳ್ಳಲು ಯುವಕರನ್ನು ಕಳಿಸಿ. ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಲಿ. ನಮ್ಮ ಅಜ್ಜಿಯದು ಹೋದ ಹಾಗೆ ಅವು ಹೋಗಬಾರದು.

ಇನ್ನು ಗಂಡಸರಿಗೆ, ಅಕ್ಕನ ಸಲುಗೆಯಿಂದ. ಸಂಜೆ ಜಪಸರದ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಫೋನ್ ಹಿಡಿದು ಕೂರಬೇಡಿ. ದನಿ ಬಾರದಿದ್ದರೆ ಬೇಡ, ನಮ್ಮಪ್ಪನ ಹಾಗೆ ಗೋಡೆಗೊರಗಿ ಕೂತರೂ ಸಾಕು. ಮನೆಯೇ ಒಂದು ಪುಟ್ಟ ಧರ್ಮಸಭೆ, ತಂದೆ-ತಾಯಿಯೇ ಮಕ್ಕಳಿಗೆ ಮೊದಲ ಬೋಧಕರು ಎಂದು 1964ರಲ್ಲಿ ಮಹಾಸಭೆ ಹೇಳಿತು. ಮಕ್ಕಳು ನಮ್ಮನ್ನು ನೋಡುತ್ತಿರುತ್ತಾರೆ. ಪಕ್ಕದ ಮನೆಯ ಮೊಮ್ಮಗ ಈಗ ಅಜ್ಜಿಯ ಪೂಜೆ ಮುಗಿಯುವ ತನಕ ಸಾಕ್ಸ್ ಎಲ್ಲಿ ಎಂದು ಕೂಗುವುದಿಲ್ಲ, ಸುಮ್ಮನೆ ಬಂದು ಪಕ್ಕಕ್ಕೆ ಕೂರುತ್ತಾನೆ.

ಭಾನುವಾರ ನೀವು ಪೀಠದ ಮೇಲೆ ರೊಟ್ಟಿಯನ್ನು ಎತ್ತಿ ಹಿಡಿದು, ಇದು ಭೂಮಿ ಕೊಟ್ಟದ್ದು, ಮನುಷ್ಯರ ಕೈಗಳು ದುಡಿದದ್ದು ಎಂದು ಹೇಳುವಾಗ ನಾನು ನನ್ನ ಕೈ ನೋಡಿಕೊಳ್ಳುತ್ತೇನೆ. ಬಲಗೈಯ ಎರಡು ಬೆರಳಿಗೆ ಹಂಚು ತಾಗಿದ ಹಳೆಯ ಕಲೆಗಳಿವೆ. ನಿಮ್ಮ ಕೈಯ ರೊಟ್ಟಿ ಗೋಧಿಯದು, ನನ್ನದು ಜೋಳದ್ದು. ಎರಡಕ್ಕೂ ಹುಳಿ ಹಾಕುವುದಿಲ್ಲ. ಆ ಒಂದು ಕ್ಷಣ ನೀವು ಸ್ವಲ್ಪ ನಿಧಾನಿಸಿ. ಅವರವರ ವಾರದ ಕೆಲಸವನ್ನು ಆ ತಟ್ಟೆಯಲ್ಲಿಡಲು ನಮಗೆ ಹೇಳಿ. ಹೊಲ ಉತ್ತವರು, ಗಾಡಿ ಹೊಡೆದವರು, ಬೆತಗೇರಿಯಲ್ಲಿ ಮಗ್ಗದ ಮುಂದೆ ಕೂತವರು, ಕೆಲಸ ಹುಡುಕಿ ಸಿಗದವರು, ಎಲ್ಲರೂ ಇಡಲಿ.

ಈ ಸಲ ಮನೆ ಆಶೀರ್ವಾದಕ್ಕೆ ಬಂದಾಗ ಹೊರಗಿನ ಕೋಣೆಯಿಂದಲೇ ತೀರ್ಥ ಚಿಮುಕಿಸಿ ಹೋಗಬೇಡಿ. ಸಂಜೆ ಬಂದರೆ ಒಲೆ ಆರಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಬನ್ನಿ, ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬನ್ನಿ. ಹೊಗೆ ಇರುತ್ತದೆ, ಕೂರಲು ಮಣೆ ಇದೆ. ನೆರವಿಗೆ ಬರುವ ಹುಡುಗಿಯರಿಬ್ಬರೂ ನಮ್ಮ ಧರ್ಮದವರಲ್ಲ. ಆದರೂ ಫಾದರ್ ಬಂದರೆ ನಮ್ಮ ಹಂಚಿನ ಮೇಲೂ ಒಂದು ಹನಿ ನೀರು ಹಾಕಲಿ ಎಂದು ಅವರೇ ಕೇಳಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ರೊಟ್ಟಿ ಮಾಡುವ ಹೆಣ್ಣುಮಗಳು